ಬಿಳಿ ಅಂಚಿನಲ್ಲೊಂದು ಕಪ್ಪು ಎಳೆ

"ಯಾಕ್ ಬಂದ್ರಿ?"

ಹುಲಿಗೆಮ್ಮ ಮೋಟುಗೂದಲ ಮೇಲೆ ಸೆರಗೆಳೆದುಕೊಂಡಳು. ಧರ್ಮಪುರದ ಅಣ್ಣನ ಮನೆಯ ಜಗಲಿಯಲ್ಲಿ ಶೇಂಗಾ ಬಿಡಿಸುತ್ತ ಕೂತವಳ ಎದುರು, ಎರಡು ತಿಂಗಳ ಮೇಲೆ, ಗಂಡ ರಂಗಯ್ಯ ನಿಂತಿದ್ದ.

ಅವನ ಹೆಗಲಲ್ಲಿ ಹೊಸ ಕಂಬಳಿ. ಬಿಳಿ ಅಂಚಿನದು!

ಅವರ ಹಟ್ಟಿಯಲ್ಲಿ ಅಂಥ ಕಂಬಳಿ ನೇಯಿಸುವುದು ಮದುವೆಗೆ ಮಾತ್ರ. ಗಂಡು ಹೆಣ್ಣನ್ನು ಅದರ ಮೇಲೆ ಕೂರಿಸಿಯೇ ತಾಳಿ ಕಟ್ಟಿಸುವುದು.

'ಇನ್ನೊಂದು ಮದುವೆ ಆಗ್ರಿ ಅಂತ ನಾನೇ ಹೇಳಿ ಬಂದಿದ್ದಲ್ಲ... ಈಗ್ಯಾಕೆ ಹೊಟ್ಟೆ ಉರೀತೈತೆ?'

ಎಪ್ಪತ್ತಾರನೇ ಇಸವಿಯಲ್ಲಿ, ಅಂಡಾಶಯದ ಕ್ಯಾನ್ಸರ್ ಎಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಗಡ್ಡೆ ತೆಗೆದು ಔಷಧಿ ಕೊಟ್ಟಿದ್ದರು. ತಲೆಗೂದಲೆಲ್ಲ ಉದುರಿತ್ತು. ಒಂದು ವರ್ಷ ಚೆನ್ನಾಗಿದ್ದಳು. ಆಮೇಲೆ ಹೊಟ್ಟೆ ಮತ್ತೆ ಊದಿತು.

"ಎರಡು ಹೊಸ ಔಷಧಿ ಸೇರಿಸಿ ಕೊಟ್ಟು ನೋಡ್ತಿದೀವಿ. ಗುಣ ಆಗುತ್ತೆ ಅಂತ ಮಾತು ಕೊಡಲಾರೆ," ಎಂದಿದ್ದರು ಡಾಕ್ಟರಮ್ಮ ಸರ್ವಮಂಗಳ. ಹುಲಿಗೆಮ್ಮ ಒಪ್ಪಿಗೆಯ ಹೆಬ್ಬೆಟ್ಟು ಒತ್ತದೆ ಎದ್ದು, ತವರಿಗೆ ಬಂದುಬಿಟ್ಟಿದ್ದಳು.

"ಹೆಣ್ಣು ಎಲ್ಲೀದು? ಹಿರಿಯೂರ ಕಡೇದಾ?"

"ಯಾವ ಹೆಣ್ಣೇ?"

"ಕಂಬಳಿ ಹೊತ್ಕಂಡು ಬಂದೀರಲ್ಲ... ಆರತಿ ಹಿಡಿಯಾಕೆ ನಾನೂ ಬರ್ಬೇಕಾ?"

ರಂಗಯ್ಯ ಕಂಬಳಿ ಬಿಡಿಸಿ ಅವಳ ಮಡಿಲಿಗೆ ಹಾಕಿದ. "ಅಂಚು ನೋಡು."

ಬಿಳಿ ಉಣ್ಣೆಯ ನಡುವೆ ಒಂದೇ ಒಂದು ಕಪ್ಪು ಎಳೆ. ಉಣ್ಣೆ ನೂತು ಬೆಳೆದ ಬೆರಳಿಗೆ ಮುಟ್ಟಿದೊಡನೆ ಗೊತ್ತಾಯಿತು. ಇದು ಬರೀ ಕುರಿಯದಲ್ಲ...

"ನನ್ನ ಕೂದಲು!"

"ಆಸ್ಪತ್ರ್ಯಾಗೆ ದಿಂಬಿನ ಮ್ಯಾಲೆ ಉದುರಿದ್ದು. ಆರಿಸಿಟ್ಕಂಡಿದ್ದೆ. ಉಣ್ಣೆ ಜತೆ ಸೇರ್ಸಿ ನಾನೇ ನೂತೆ. ನೇಯೋ ಓಬಳೇಶಪ್ಪ ಬೈದ. 'ಲೇ, ಕೆಡಿಸ್ದೆ ಕಣಲೇ! ಇನ್ಯಾವ ಹೆಣ್ಣು ಇದರ ಮ್ಯಾಲೆ ಕುಂತ್ಕಂತಾಳೆ?' ಅಂತ." ರಂಗಯ್ಯ ತಲೆ ತಗ್ಗಿಸಿದ. "ಅದಕ್ಕೇ ಹಾಕಿದ್ದು ಅಂದೆ."

ಹುಲಿಗೆಮ್ಮ ಕಂಬಳಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು.

"ನಾನು ಉಳಿಯಾಕಿಲ್ರಿ..."

"ಗೊತ್ತೈತೆ."

ಅವನು ಸುಳ್ಳು ಹೇಳಲಿಲ್ಲ. ಅದೇ ಅವಳಿಗೆ ಹಾಯೆನಿಸಿತು.

"ಆ ಔಷಧೀಲಿ ಎರಡು ತಿಂಗ್ಳು ಸಿಕ್ರೂ ಸಿಗಬೌದಂತೆ. ಸಿಗದೇನೂ ಹೋಗಬೌದಂತೆ. ನೀನು ಒಲ್ಲೆ ಅಂದ್ರೆ ಇಲ್ಲೇ ಇರ್ತೀನಿ. ಕುರೀನ ನಮ್ಮ ಹಟ್ಟಿ ಪಾಪಣ್ಣಗೆ ಒಪ್ಪಿಸಿ ಬಂದೀನಿ."

"ಎರಡು ತಿಂಗ್ಳೂ ವಾಂತೀನೇ..."

"ಬೋಗುಣಿ ನಾನು ಹಿಡೀತೀನಿ."

ಅವಳು ಬಹಳ ಹೊತ್ತು ಆ ಎಳೆಯ ಮೇಲೆ ಬೆರಳಾಡಿಸಿದಳು.

"ಮತ್ತೆ ಉದುರ್ತಾವೆ. ಈ ಮೋಟುಗೂದಲು ನೂಲಾಕೂ ಬರಲ್ಲ."

"ಬರದಿದ್ರೆ ಬ್ಯಾಡ. ಆರಿಸಿಟ್ಕಂತೀನಿ."

"ಬೆಂಗಳೂರ ಬಸ್ಸು ಎಷ್ಟೊತ್ತಿಗೆ?"

"ಇನ್ನೂ ಹೊತ್ತೈತೆ."

ಹುಲಿಗೆಮ್ಮ ಶೇಂಗಾ ಸರಿಸಿ, ಜಗಲಿಯ ಮೇಲೆ ಕಂಬಳಿ ಹಾಸಿದಳು. ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಕೂತಳು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಳು.

"ಹಂಗಾದ್ರೆ... ಕುಂತ್ಕಳ್ರಿ."