ಒಣಗದ ಮುಚ್ಚಳ

"ಏಯ್... ಆ ಮುಚ್ಚಳದ ನೀರು ಚೆಲ್ಲಬೇಡ! ಒಣಗಿದ್ರೆ ಅದು ಸತ್ತೋಗುತ್ತೆ!"

ಅವಳ ಕೈ ಅಲ್ಲೇ ನಿಂತಿತು. ನೀರು ಶುದ್ಧೀಕರಣ ಘಟಕದ ಲ್ಯಾಬಿನಲ್ಲಿ ಬಾಟಲಿ ತೊಳೆಯುವ ಕೆಲಸಕ್ಕೆ ಸೇರಿದ ಮೊದಲ ದಿನ ಅದು. ಬಾಗಿಲಲ್ಲಿ ನೀರು ಪರೀಕ್ಷಿಸುವವನು ನಿಂತಿದ್ದ.

"ಯಾವುದು... ಸಾಯುತ್ತೆ, ಸಾರ್?"

ಅವನು ಪಿ.ಎಚ್. ಮೀಟರಿನ ವೈರಿನ ತುದಿಯ ಕಡ್ಡಿಯನ್ನು ತೋರಿಸಿದ. ಅದರ ಕೊನೆಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಗಾಜಿನ ಗುಂಡು.

"ನೀರು ಹುಳಿಯೋ ಕ್ಷಾರವೋ ಅಂತ ಹೇಳೋದು ಇದೇ. ಯಾವಾಗ್ಲೂ ಈ ಮುಚ್ಚಳದಲ್ಲಿರೋ ಉಪ್ಪಿನ ದ್ರಾವಣದಲ್ಲಿ ನೆನೆದಿರಬೇಕು. ಒರೆಸುವಾಗ ಉಜ್ಜಬಾರದು. ಹೀಗೆ... ಟಿಶ್ಯೂ ಮುಟ್ಟಿಸಿ ಹೀರಿಸಬೇಕು."

ಅವಳು ಕಣ್ಣು ಮಿಟುಕಿಸದೆ ನೋಡಿದಳು. ಗಾಜನ್ನಲ್ಲ... ಆ ಬೆರಳುಗಳನ್ನು!

ಏಳನೇ ತರಗತಿಗೇ ಶಾಲೆ ಬಿಟ್ಟವಳು. ಮಾತು ಕಮ್ಮಿ. ಎಲ್ಲರೂ ಅವಳನ್ನು 'ಮೌನಗೌರಿ' ಎಂದು ರೇಗಿಸುತ್ತಿದ್ದರು. ಅವನು ಮಾತ್ರ ರೇಗಿಸದೆ ಕಲಿಸಿದ. ಮೀಟರು ಸರಿಯಿದೆಯೇ ಎಂದು ನೋಡುವ ಏಳರ ಬಫರ್ ದ್ರಾವಣ, ನಾಲ್ಕರ ಬಫರ್, ನಡುವೆ ತೊಳೆಯುವುದು. ಬಾಟಲಿ ತೆರೆದ ದಿನವೇ ಅದರ ಮೇಲೆ ತಾರೀಖು ಬರೆಯುವುದು. ಅವನು ಬರೆಯುವ 2ಕ್ಕೆ ಉದ್ದನೆಯ ಬಾಲವಿರುತ್ತಿತ್ತು.

ಒಮ್ಮೆ ಅವನು ಮೂರು ದಿನ ರಜೆ ಹಾಕಿದ. ಲ್ಯಾಬಿನಲ್ಲಿದ್ದ ಉಪ್ಪಿನ ದ್ರಾವಣ ಮುಗಿದಿತ್ತು. ಅವಳು ಮುಚ್ಚಳಕ್ಕೆ ಡಿಸ್ಟಿಲ್ಡ್ ವಾಟರ್ ತುಂಬಿಟ್ಟಳು.

ಅವನು ಬಂದು ನೋಡಿದಾಗ ಅಂಕಿಗಳು ಒಂದೆಡೆ ನಿಲ್ಲದೆ ಅಲೆದಾಡುತ್ತಿದ್ದವು.

"ಏನು ತುಂಬಿಸಿದ್ದೀಯ ಇದಕ್ಕೆ?"

"ಅದು... ಎಲ್ಲಕ್ಕಿಂತ ಶುದ್ಧವಾದ ನೀರು ಅಂತ..."

"ಅದೇ ಗಾಜಿನೊಳಗಿನ ಸತ್ವ ಎಳೆದುಬಿಡುತ್ತೆ! ಇನ್ನು ಈ ಕೋಣೆಗೆ ಕಾಲಿಡಬೇಡ ನೀನು!"

ಅವಳು ತಲೆ ತಗ್ಗಿಸಿ ಹೊರನಡೆದಳು. ಮರುದಿನ ಬೆಳಿಗ್ಗೆಯೇ ಘಟಕದಲ್ಲಿ ಕ್ಲೋರಿನ್ ಗ್ಯಾಸ್ ಸೋರಿತು. ಅವನನ್ನು ಆಂಬುಲೆನ್ಸ್‌ನಲ್ಲಿ ಸಾಗಿಸಿದರು. ಲ್ಯಾಬಿಗೆ ಬೀಗ ಬಿತ್ತು, ಅವಳನ್ನು ಗುಡಿಸುವ ಕೆಲಸಕ್ಕೆ ಹಾಕಿದರು. ಆಮೇಲೆ ಸುದ್ದಿಯೇ ಇಲ್ಲ. "ಇನ್ನೆಲ್ಲಿ ಉಳೀತಾನೆ" ಎಂದು ಒಬ್ಬರು ಅಂದರು, ವಾರದೊಳಗೆ ಎಲ್ಲರೂ ಅದನ್ನೇ ನಂಬಿದರು.

ಅವಳೂ ನಂಬಿದಳು... ಆದರೆ ಕಾಲು ಕೇಳಲಿಲ್ಲ. ಗುಡಿಸುವವರ ಬೀಗದ ಕೈಗೊಂಚಲಿನಿಂದ ಆ ಕೋಣೆ ತೆರೆದಳು. ಸ್ಟೋರಿನಿಂದ ಸರಿಯಾದ ದ್ರಾವಣ ತಂದು ಗಾಜಿನ ಗುಂಡನ್ನು ನೆನೆಸಿದಳು. ಎರಡು ದಿನದ ಮೇಲೆ ಏಳರ ಬಫರ್‌ನಲ್ಲಿ ಅದ್ದಿದಾಗ ಅಂಕಿಗಳು ನಿಧಾನವಾಗಿ ನಿಂತವು. 7.00.

"ಬದುಕಿತು!" ಎಂದು ಒಬ್ಬಳೇ ಅತ್ತಳು.

ಅಂದಿನಿಂದ ಪ್ರತಿ ಸೋಮವಾರ ಮುಚ್ಚಳ ತುಂಬಿಸಿ, ಬಾಟಲಿಗೆ ಅಂಟಿಸಿದ್ದ ಪಟ್ಟಿಯ ಮೇಲೆ ತಾರೀಖು ಬರೆದಳು. ಮುಚ್ಚಿದ ಕೋಣೆಯಲ್ಲಿ ದೀಪ ಕಂಡವರು ದೆವ್ವ ಎಂದರು. ಆ ದೆವ್ವ ತಾನೇ ಎಂದು ಹೇಳುವ ಧೈರ್ಯ ಅವಳಿಗಿರಲಿಲ್ಲ!

ನಾಲ್ಕು ತಿಂಗಳು ಕಳೆಯಿತು. ಜ್ವರ ಬಂದು ಅವಳು ಎರಡು ವಾರ ಮಲಗಿದಳು. ಎದ್ದವಳೇ ಓಡಿ ಬಂದಳು. ಇಷ್ಟರಲ್ಲಿ ಒಣಗಿ, ಬಿಳಿ ಉಪ್ಪು ಕಟ್ಟಿರುತ್ತದೆ...

ಮುಚ್ಚಳ ಬಿಚ್ಚಿದಳು.

ಬೆರಳು ಒದ್ದೆಯಾಯಿತು.

ತುಂಬಿತ್ತು! ಅಂಚಿನಲ್ಲಿ ಉಪ್ಪಿನ ಒಂದು ಕಣವೂ ಇಲ್ಲ, ಯಾರೋ ತೊಳೆದಿದ್ದರು. ಪಕ್ಕದಲ್ಲಿ ಹೊಸ ದ್ರಾವಣದ ಬಾಟಲಿ. ಅದರ ಮೇಲೆ ಮೊನ್ನೆಯ ತಾರೀಖು... ಆ 2ಕ್ಕೆ ಉದ್ದನೆಯ ಬಾಲ.

ಸತ್ತವರು ತಾರೀಖು ಬರೆಯುತ್ತಾರಾ?

ಹೊರಗೆ ಗುಡಿಸುತ್ತಿದ್ದ ಅಕ್ಕನನ್ನು ಕೇಳಿದಳು.

"ಅಕ್ಕಾ, ಲ್ಯಾಬಿಗೆ ಯಾರಾದ್ರೂ ಹೋಗಿದ್ರಾ?"

"ಯಾರಿಗೆ ಪ್ರಾಣ ಭಾರ ಆಗಿದೆ? ನಿನ್ನೆ ಊಟದ ಹೊತ್ತಲ್ಲಿ ಒಳಗೆ ಯಾರೋ ಏದುಸಿರು ಬಿಡ್ತಿದ್ರಂತೆ. ವಾಚ್‌ಮನ್ ತಾತ 'ಯಾರದು' ಅಂದ್ರೆ, ಗರಗಸ ಎಳೆದ ಹಾಗೆ ಏನೋ ಉತ್ತರ ಬಂತಂತೆ. ಚಪ್ಪಲಿ ಬಿಟ್ಟು ಓಡಿದಾರೆ ತಾತ! ನೀನು ಆ ಕಡೆ ಸುಳೀಬೇಡ, ಮಾರಾಯ್ತಿ."

ಅವಳು ಅಂದು ಊಟಕ್ಕೆ ಹೋಗಲಿಲ್ಲ. ಲ್ಯಾಬಿನ ಸಿಂಕಿನ ಪಕ್ಕ, ಬೀರುವಿನ ಮರೆಯಲ್ಲಿ ಕುಳಿತಳು. 'ದೆವ್ವವೇ ಆಗಿರಲಿ... ಒಂದು ಸಲ ಕ್ಷಮೆ ಕೇಳಬೇಕು.'

ನಲ್ಲಿಯಿಂದ ಒಂದೊಂದೇ ಹನಿ ಬೀಳುತ್ತಿತ್ತು. ಟ್ಯಾಂಕಿನ ಕಡೆಯ ಹಿಂಬಾಗಿಲಲ್ಲಿ ಕೀಲಿ ತಿರುಗಿತು. ಉಸಿರಾಟ... ಒಣ ಮರ ಕೊಯ್ದ ಹಾಗೆ. ತೆಳ್ಳನೆಯ ನೆರಳೊಂದು ಗೋಡೆಯ ಮೇಲೆ ಸರಿಯಿತು. ಯಾರೂ ಕಾಣುವ ಮೊದಲೇ ಮೀಟರಿನ ಪರದೆ ಬೆಳಗಿತು. 6.98... 6.99... 7.00.

ಟಿಶ್ಯೂ ಹಿಡಿದ ಕೈ ಕಂಡಿತು. ಉಜ್ಜಲಿಲ್ಲ. ಮುಟ್ಟಿಸಿ ಹೀರಿಸಿತು.

ಅವಳು ಎದ್ದು ನಿಂತಳು.

"ನೀವು... ಸತ್ತಿದ್ದೀರಾ?"

ಅವನು ಬೆಚ್ಚಿ ತಿರುಗಿದ. ಕೆನ್ನೆ ಬತ್ತಿ, ಕಣ್ಣು ಒಳಗೆ ಹೋಗಿದ್ದವು. ಪಿಸುಗುಟ್ಟಿದ.

"ಇಲ್ಲ... ನೀನು?"

"ಅಯ್ಯೋ! ನಾನ್ಯಾಕೆ ಸಾಯಲಿ?"

"ಪ್ರತಿ ವಾರ ನಿನ್ನ ಅಕ್ಷರದಲ್ಲಿ ತಾರೀಖು ಇತ್ತು. ನಾನು ಬಂದು ನೋಡಿದಾಗ... ನಿಂತುಹೋಗಿತ್ತು. ಏನಾಯ್ತೋ ಅಂತ ದಿನಾ ಬಂದೆ."

"ಯಾರನ್ನಾದ್ರೂ ಕೇಳಬಾರದಿತ್ತಾ?"

"ಈ ದನೀಲಾ? ತಾತನಿಗೆ ಉತ್ತರ ಕೊಟ್ಟೆ... ಓಡೇಹೋದ್ರು!"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಗ್ಯಾಸ್ ಅವನ ಗಂಟಲು ಸುಟ್ಟಿತ್ತು. ಇಷ್ಟು ದಿನ ಬೇರೆ ಊರಿನ ಆಸ್ಪತ್ರೆಯಲ್ಲಿದ್ದು, ನಂತರ ಅಕ್ಕನ ಮನೆಯಲ್ಲಿ ಸುಧಾರಿಸಿಕೊಂಡಿದ್ದ. ದನಿ ಇನ್ನು ಇಷ್ಟೇ ಎಂದಿದ್ದರು ಡಾಕ್ಟರು.

"ನಿನ್ನ ಮನೆಗೇ ಬರೋಣ ಅಂದ್ಕೊಂಡೆ. ಕಾಲಿಡಬೇಡ ಅಂದವನು ನಾನು... ಯಾವ ಮುಖ ಇಟ್ಕೊಂಡು ಬರಲಿ? ಗಟ್ಟಿಯಾಗಿ ಆಡಿದ ಕೊನೇ ಮಾತು ಅದೇ ಆಗೋಯ್ತು."

"ತಪ್ಪು ನಂದು. ನಾನೇ ಅದನ್ನ ಕೊಂದಿದ್ದೆ..."

"ಬದುಕಿಸಿದ್ದೂ ನೀನೇ." ಅವನ ಉಸಿರು ತಡವರಿಸಿತು. "ನನ್ನನ್ನೂ... ನೋಡ್ಕೋತೀಯಾ? ಮೌನಗೌರಿ ಮನೇಲಿ ಇನ್ನೊಬ್ಬ ಮೌನಿಗೆ ಜಾಗ ಇದೆಯಾ?"

ಅವಳು ಗಾಜಿನ ಗುಂಡಿಗೆ ಮುಚ್ಚಳ ಹಾಕಿ, ಬಿಗಿಯಾಗಿದೆಯೇ ಎಂದು ಎರಡು ಸಲ ನೋಡಿದಳು. ಆಮೇಲೆ ಹೊಸ ಟಿಶ್ಯೂ ತೆಗೆದು ಅವನ ಒದ್ದೆ ಕೆನ್ನೆಯ ಬಳಿ ಕೈ ಒಯ್ದಳು.

"ಉಜ್ಜಬಾರದು..." ಎಂದು ಅವನು ಪಿಸುಗುಟ್ಟಿದ.

"ಗೊತ್ತು ರೀ," ಎಂದಳು ಅವಳು. "ಮುಟ್ಟಿಸ್ತೀನಿ, ಅಷ್ಟೇ."