ಕೊನೆಯ ಮಡಿಕೆಯ ದೂರ

ಡಬಲ್ ಬೆಡ್ಡಿನ ಹೊದಿಕೆಯನ್ನು ಒಬ್ಬರೇ ಮಡಿಸಲಾಗುವುದಿಲ್ಲ. ಅವಳು ಆ ತುದಿಯ ಎರಡು ಮೂಲೆ ಹಿಡಿದಿದ್ದಳು, ಅವನು ಈ ತುದಿಯ ಎರಡು ಮೂಲೆ. ಜೋರಾಗಿ ಒಮ್ಮೆ ಜಾಡಿಸಿ, ಉದ್ದಕ್ಕೆ ಮಡಿಸಿ, ಮತ್ತೆ ಉದ್ದಕ್ಕೇ ಮಡಿಸಿ, ಆಮೇಲೆ ಇಬ್ಬರೂ ಎದುರುಬದುರು ನಡೆದು ಬರಬೇಕು. ಕೊನೆಯ ಮಡಿಕೆಗೆ ಒಬ್ಬರು ತಮ್ಮ ಕೈಯ ಮೂಲೆಗಳನ್ನು ಇನ್ನೊಬ್ಬರ ಕೈಗೆ ಒಪ್ಪಿಸಬೇಕು. ಹೋಟೆಲಿನ ಬಟ್ಟೆ ಕೋಣೆಯಲ್ಲಿ ಕೆಲಸ ನಡೆದುಬಂದದ್ದೇ ಹೀಗೆ.

ಅವನು ನಡೆದು ಬಂದ. ಒಂದು ಮೊಳ ದೂರವಿರುವಾಗ ನಿಂತ. ಕೈಯಲ್ಲಿದ್ದ ಮೂಲೆಗಳನ್ನು ಅವಳತ್ತ ಮೆಲ್ಲಗೆ ತೂರಿದ. ಅವಳು ಹಿಡಿದುಕೊಂಡಳು. ಮಡಿಕೆ ಓರೆಯಾಯಿತು.

"ಸೊಟ್ಟ ಆಯ್ತು," ಎಂದಳು.

"ಆಗ್ಲಿ ಬಿಡಿ. ಮಲಗೋರು ಮಡಿಕೆ ನೋಡ್ಕೊಂಡು ಮಲಗ್ತಾರಾ?"

ಅವಳು ನಕ್ಕಳು. ಮೊದಲೆಲ್ಲ ಅವನು ಪೂರ್ತಿ ಬರುತ್ತಿದ್ದ. ಬೆರಳಿಗೆ ಬೆರಳು ತಾಗುತ್ತಿತ್ತು. ಬಿಸಿ ಬಟ್ಟೆಯ ಬಿಸಿಯೋ, ಬೆರಳಿನದೋ ಗೊತ್ತಾಗುತ್ತಿರಲಿಲ್ಲ. ಈಗ ಕೆಲವು ವಾರಗಳಿಂದ ಒಂದು ಮೊಳದ ಆಚೆಯೇ ನಿಂತುಬಿಡುತ್ತಾನೆ.

ಗೊತ್ತಾಗಿಬಿಟ್ಟಿದೆ, ಎಂದುಕೊಂಡಳು ಅವಳು. ಗೊತ್ತಾಗಿ, ಹೇಸಿಗೆಯಾಗಿದೆ.

ಅವನು ಪಕ್ಕದ ಕೋಣೆಯ ಬಾಯ್ಲರ್ ನೋಡಿಕೊಳ್ಳುವವನು. ಹೋಟೆಲಿನವರೆಲ್ಲ ಅವನನ್ನು ಹಬೆಯಣ್ಣ ಎನ್ನುತ್ತಿದ್ದರು. ಬಟ್ಟೆ ಕೋಣೆಯ ಇನ್ನೊಬ್ಬ ಹೆಂಗಸು ಬಾಣಂತನಕ್ಕೆ ರಜೆ ಹಾಕಿದ ಮೇಲೆ, ಉರಿ ಒಂದು ಹದಕ್ಕೆ ಬಂದಾಗಲೆಲ್ಲ ಕೈ ಒರೆಸಿಕೊಂಡು ಬಂದು ಅವಳ ಜೊತೆ ಮಡಿಸಲು ನಿಲ್ಲುತ್ತಿದ್ದ. ಅವಳೊಬ್ಬಳ ಬಾಯಲ್ಲಿ ಮಾತ್ರ ಆ 'ಅಣ್ಣ' ಬರುತ್ತಿರಲಿಲ್ಲ. ಕರೆಯಬೇಕಾದಾಗ "ಇಲ್ಲಿ ಕೇಳಿ" ಎನ್ನುತ್ತಿದ್ದಳು. ಇಸ್ತ್ರಿ ಮೇಜಿನವರು ಅದನ್ನು ಕೇಳಿ ಒಬ್ಬರನ್ನೊಬ್ಬರು ನೋಡಿಕೊಂಡು ಕೆಮ್ಮುತ್ತಿದ್ದರು.

ಬಾಯ್ಲರಿನ ಸದ್ದಿಗೆ ಅವನ ಕಿವಿ ಅರ್ಧ ಹೋಗಿತ್ತು. ಹಾಗಾಗಿ ಮಾತಾಡುವವರ ತುಟಿಯನ್ನೇ ನೋಡುತ್ತಿದ್ದ. ಮೊದಮೊದಲು ಅವಳಿಗೆ ಸಿಟ್ಟು ಬಂದಿತ್ತು, ಹೀಗೆ ನೋಡುವುದೇ ಎಂದು. ಕಾರಣ ತಿಳಿದ ಮೇಲೆ ಬೇಕೆಂದೇ ಮೆಲ್ಲಗೆ ಮಾತಾಡತೊಡಗಿದಳು. ಅವನು ಇನ್ನಷ್ಟು ಗಮನವಿಟ್ಟು ನೋಡುತ್ತಿದ್ದ. ಒಂದು ದಿನ ಅವನೇ ಹೇಳಿದ: "ನೀವು ಸುಮ್ನೆ ತುಟಿ ಆಡಿಸ್ತೀರಿ, ಮಾತೇ ಇರಲ್ಲ. ನನಗೆ ಗೊತ್ತು." ಅವಳ ಕೆನ್ನೆ ಇಸ್ತ್ರಿ ಪೆಟ್ಟಿಗೆಯಂತೆ ಕಾಯಿತು.

ಇಷ್ಟು ಚೆಂದವಾಗಿ ನಡೆಯುತ್ತಿದ್ದದ್ದು ಕೆಟ್ಟದ್ದು ತನ್ನ ಎದೆಯಿಂದಲೇ ಎಂದು ಅವಳ ನಂಬಿಕೆ.

ಆ ಕಥೆ ಹಳೆಯದು. ಹೆತ್ತ ಕೂಸು ಉಳಿಯಲಿಲ್ಲ. ಕುಡಿಯುವವರಿಲ್ಲದ ಹಾಲು ತುಂಬಿ, ಕಟ್ಟಿ, ಕೊನೆಗೆ ಬತ್ತಿತು. ಎದೆ ಜೋತುಬಿತ್ತು. ಗಂಡ ಒಂದು ಸಲ, ತಮಾಷೆಗೆಂಬಂತೆ, ಇಷ್ಟು ಬೇಗ ಅಜ್ಜಿಯಾದೆಯಲ್ಲ ಎಂದ. ಆಮೇಲೆ ತಮಾಷೆಯನ್ನೂ ನಿಲ್ಲಿಸಿದ. ಆಮೇಲೆ ಮನೆಗೆ ಬರುವುದನ್ನೂ. ಅವನು ಹೋದ ಎಷ್ಟೋ ವರ್ಷಗಳ ಮೇಲೆ ಅವಳು ಆಸ್ಪತ್ರೆಗೆ ಹೋಗಿ ಎದೆ ಎತ್ತಿ ಕಟ್ಟಿಸಿಕೊಂಡಳು, ಒಳಗೆ ಇಂಪ್ಲಾಂಟ್ ಇಡಿಸಿಕೊಂಡಳು. ಯಾರಿಗಾಗಿ ಎಂದು ಕೇಳಿದರೆ ಹೇಳಲು ಆಗ ಅವಳ ಬಳಿ ಯಾರೂ ಇರಲಿಲ್ಲ. ಕನ್ನಡಿಯ ಮುಂದೆ ಒಮ್ಮೆ ನೆಟ್ಟಗೆ ನಿಲ್ಲಬೇಕು, ಅಷ್ಟೇ ಆಸೆ.

ನಿಲ್ಲಲಾಗಲಿಲ್ಲ. ಬಲಗಡೆಯದು ಮೇಲೇರಿ ಕಲ್ಲಾಗಿ ಕೂತಿತು. ಎಡಗಡೆಯದು ಕಂಕುಳಿನತ್ತ ಸರಿಯಿತು. ಗಾಯದ ಗೆರೆ ಸಣ್ಣಗಾಗುವ ಬದಲು ಅಗಲವಾಯಿತು. ಮಾಡಿದ ಡಾಕ್ಟರು, ಸ್ವಲ್ಪ ಕಾಲ ಕೊಡಿ, ತಾನೇ ಕೂತುಕೊಳ್ಳುತ್ತೆ ಎಂದರು. ಅವಳು ಎರಡು ವರ್ಷ ಕೊಟ್ಟಳು.

ಅವಳ ಜೊತೆ ಮನೆಯಲ್ಲಿದ್ದವಳು ಚಿಕ್ಕಮ್ಮ ಒಬ್ಬಳೇ. ವಿಷಯ ತಿಳಿದ ದಿನ ಚಿಕ್ಕಮ್ಮ ತಲೆ ಚಚ್ಚಿಕೊಂಡಿದ್ದಳು. "ಮೈ ಅಂದ್ರೆ ಸೋಫಾ ಏನೇ, ಹತ್ತಿ ಹೋಯ್ತು ಅಂತ ಸ್ಪಂಜು ತುಂಬಿಸ್ಕೊಳ್ಳೋಕೆ?" ಅಂದವಳೇ ಒಳಗೆ ಹೋಗಿ ಅವಳ ಬೆನ್ನಿಗೆ ಇಡಲು ದಿಂಬು ತಂದಿದ್ದಳು. ಚಿಕ್ಕಮ್ಮನ ಬಾಯಿ ಒಂದು ದಾರಿ, ಕೈ ಇನ್ನೊಂದು ದಾರಿ.

ಬಾಣಂತನ ಮುಗಿಸಿದ ಹೆಂಗಸು ಕೆಲಸಕ್ಕೆ ಮರಳುವ ಹೊತ್ತಿಗೆ ಅವನಿಗೆ ದೂರದ ಊರಿನ ಹಾಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಬಟ್ಟೆ ಕೋಣೆಗೆ ಬಂದ. ಬೇರೆ ಯಾರೂ ಇರಲಿಲ್ಲ. ಟವೆಲುಗಳ ರಾಶಿಯ ಮೇಲೆ ಕೈಯಿಟ್ಟು ನಿಂತ. ಅವಳು ತಲೆ ಎತ್ತಲಿಲ್ಲ. ತಲೆ ಎತ್ತದಿದ್ದರೆ ತುಟಿ ಕಾಣುವುದಿಲ್ಲ, ಮಾತೂ ಅವನಿಗೆ ತಿಳಿಯುವುದಿಲ್ಲ. ಆ ಧೈರ್ಯದಲ್ಲಿ ಅವಳು ಕೆಳಗೆ ನೋಡುತ್ತಲೇ ಕೇಳಿದಳು, ನನ್ನ ಹತ್ತಿರ ಬರೋಕೆ ಯಾಕೆ ಅಸಹ್ಯ ಆಯ್ತು ಎಂದು.

ಆ ದಿನ ಬಾಯ್ಲರನ್ನು ಆರಿಸಿದ್ದರು. ಇಡೀ ಕಟ್ಟಡ ನಿಶ್ಶಬ್ದವಾಗಿತ್ತು. ಅವನಿಗೆ ಕೇಳಿಸಿತು.

"ಅಸಹ್ಯಾನಾ?" ಅವನ ದನಿ ಸಣ್ಣಗಿತ್ತು. "ಕೊನೆ ಮಡಿಕೆಗೆ ನೀವು ಕೈ ಎರಡೂ ಮುಂದೆ ತಂದಾಗ ಉಸಿರು ಬಿಗಿ ಹಿಡೀತೀರಿ. ಎಲ್ಲೋ ನೋಯುತ್ತೆ ಅಂತ ಗೊತ್ತಾಯ್ತು. ಅದಕ್ಕೇ, ತಾಗಿಬಿಟ್ಟೀತು ಅಂತ, ನಾನು ದೂರ ನಿಂತೆ. ಕೇಳೋಣ ಅಂದ್ರೆ, ಹೆಂಗಸರ ನೋವು, ನಾನು ಯಾರು ಕೇಳೋಕೆ?"

ಅವಳು ತಲೆ ಎತ್ತಿದಳು. ಅವನು ಅವಳ ತುಟಿ ನೋಡುತ್ತಿರಲಿಲ್ಲ, ಕಣ್ಣು ನೋಡುತ್ತಿದ್ದ.

"ಕೇಳೋ ಹಕ್ಕು ಕೊಡ್ತೀರಾ?" ಎಂದ. "ಈಗ್ಲೇ ಹೇಳ್ಬೇಡಿ. ಫೋನಿನಲ್ಲಿ ನನಗೆ ಅರ್ಧ ಮಾತು ತಪ್ಪಿಹೋಗುತ್ತೆ. ಬರೀರಿ. ಬೇಡ ಅಂತಾದ್ರೂ ಬರೀರಿ."

ಹೊಸ ಕಾರ್ಖಾನೆಯ ವಿಳಾಸ ಹೇಳಿದ. ಅವಳು ಬರೆದುಕೊಳ್ಳಲಿಲ್ಲ. ಒಂದೇ ಸಲ ಕೇಳಿದ್ದು ಹಾಗೇ ತಲೆಯಲ್ಲಿ ನಿಂತುಬಿಟ್ಟಿತು.

ಆದರೆ ಕಾಗದ ಹೋಗಲಿಲ್ಲ. ಪ್ರತಿ ಸಲವೂ ಹೇಗೆ ಸಂಬೋಧಿಸುವುದೆಂಬಲ್ಲೇ ಪೆನ್ನು ನಿಲ್ಲುತ್ತಿತ್ತು. 'ಮಾನ್ಯರೇ' ಎಂದರೆ ರಜೆ ಅರ್ಜಿಯಂತಾಯಿತು. ಬೇರೇನೋ ಬರೆಯಲು ನಾಚಿಕೆ. ನಾಚಿಕೆ ಬರೀ ನೆಪ, ಅದು ಅವಳಿಗೂ ಗೊತ್ತಿತ್ತು. ಮೊದಲು ಇದನ್ನು ಸರಿಮಾಡಿಸಿಕೊಳ್ಳೋಣ, ನೆಟ್ಟಗಾದ ಮೇಲೆ ಬರೆಯೋಣ ಎನ್ನುವುದು ನಿಜ. ಸೊಟ್ಟ ಎದೆ ಹೊತ್ತುಕೊಂಡು ಯಾವ ಮುಖದಲ್ಲಿ ಹೂಂ ಅನ್ನುವುದು? ಹಾಗೆಂದುಕೊಂಡೇ ಬೇಸಿಗೆ ಕಳೆಯಿತು, ಚಳಿಗಾಲವೂ ಬಂತು.

ಆ ಹೊತ್ತಿಗೆ ಹೋಟೆಲಿನ ಅಡಿಗೆಯವನು ಆ ಊರಿಗೆ ಹೋಗಿಬಂದ. ಹಬೆಯಣ್ಣ ಸಿಕ್ಕಿದ್ದ, ಸೊರಗಿದ್ದಾನೆ, ಅವನ ಅಕ್ಕ ಅವನಿಗೆ ಹೆಣ್ಣು ನೋಡುತ್ತಿದ್ದಾಳೆ ಎಂದ. ಅವನು ಒಪ್ಪಿದನಾ ಎಂದು ಇಸ್ತ್ರಿ ಮೇಜಿನವರು ಕೇಳಿದರು. ಅವನ ಮುಖ ನೋಡಿ ಕೇಳಲಾಗಲಿಲ್ಲ ಎಂದ ಅಡಿಗೆಯವನು. ಅವಳು ದಿಂಬಿನ ಕವರುಗಳನ್ನು ಜೋಡಿಸುತ್ತಿದ್ದಳು. ಜೋಡಿಸಿದ್ದನ್ನೇ ತೆಗೆದು ಮತ್ತೆ ಜೋಡಿಸಿದಳು.

ಆ ವಾರವೇ ಬೇರೊಂದು ಆಸ್ಪತ್ರೆಗೆ ಹೋದಳು. ಚಿಕ್ಕಮ್ಮ ಬೇಡವೆಂದರೂ ಹಿಂದೆ ಬಂದು, ಹೊರಗಿನ ಬೆಂಚಿನ ಮೇಲೆ ಚೀಲ ಅಪ್ಪಿಕೊಂಡು ಕೂತಳು.

ಹೊಸ ಡಾಕ್ಟರು ಹೆಂಗಸು. ಕೈ ಬೆಚ್ಚಗೆ ಮಾಡಿಕೊಂಡು ಮುಟ್ಟಿದರು. ಇಂಪ್ಲಾಂಟಿನ ಸುತ್ತ ಮೈ ತಾನೇ ಕಟ್ಟಿದ ಪೊರೆ ಬಿಗಿದು ಗಟ್ಟಿಯಾಗಿದೆ, ನೋವಿಗೆ ಅದೇ ಕಾರಣ ಎಂದರು. ಎರಡು ದಾರಿ ಹೇಳಿದರು. ಹಳೆಯದನ್ನು ತೆಗೆದು, ಪೊರೆ ಬಿಡಿಸಿ, ಹೊಸದಿಟ್ಟು ಮತ್ತೆ ಎತ್ತಿ ಹೊಲಿಯಬಹುದು. ಆದರೆ ಚರ್ಮ ತೆಳುವಾಗಿದೆ, ಪೊರೆ ಮತ್ತೆ ಬಿಗಿಯುವುದಿಲ್ಲ ಎಂದು ಮಾತು ಕೊಡಲಾಗುವುದಿಲ್ಲ. ಇಲ್ಲವೇ ತೆಗೆದು ಹಾಗೇ ಬಿಡಬಹುದು. ಆಗ ಎದೆ ಚಪ್ಪಟೆಯಾಗುತ್ತದೆ, ಚರ್ಮ ಸುಕ್ಕಾಗುತ್ತದೆ, ಗಾಯದ ಗೆರೆ ಹೇಗೂ ಇರುತ್ತದೆ.

"ನಿಮಗೇನು ಬೇಕು, ಅದು ಹೇಳಿ," ಎಂದರು ಡಾಕ್ಟರು.

ಚೆಂದ ಆಗಬೇಕು ಎಂದು ಹೇಳಲು ಅವಳು ಬಸ್ಸಿನುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಬಾಯಿ ತೆರೆದಾಗ ಬಂದದ್ದು ಬೇರೆ.

"ಬೋರಲು ಮಲಗ್ಬೇಕು, ಡಾಕ್ಟರೇ."

ಅಂದವಳಿಗೆ ತಾನೇ ಅಂದದ್ದು ಕೇಳಿ ಅಳು ಬಂತು. ಎರಡು ವರ್ಷದಿಂದ ಅಂಗಾತ ಮಲಗಿ ಸೂರು ನೋಡಿದವಳು. ಚಿಕ್ಕಂದಿನಿಂದ ಹೊಟ್ಟೆಯ ಮೇಲೆ, ಕೆನ್ನೆ ಹಾಸಿಗೆಗೊತ್ತಿ ಮಲಗುತ್ತಿದ್ದವಳು. ಡಾಕ್ಟರು ಕಾದರು, ಆಮೇಲೆ, ತೆಗೆದುಬಿಡೋಣವಾ ಎಂದು ಕೇಳಿದರು. ಅವಳು ಹೂಂ ಎಂದಳು. ಚೆಂದದ ಲೆಕ್ಕ ಅಲ್ಲಿಗೇ ಮುಗಿಯಿತು. ಮುಗಿದದ್ದಕ್ಕೆ ಹೊಟ್ಟೆ ಉರಿಯಿತು, ಇಲ್ಲವೆನ್ನಲಾಗದು.

ಹೊರಗೆ ಚಿಕ್ಕಮ್ಮ ಕೇಳಿದಳು. ಅವಳು ಹೇಳಿದಳು. ಚಿಕ್ಕಮ್ಮ ಅವಳ ಸೆರಗು ಸರಿಮಾಡಿದಳು. "ಆ ಹಬೆಯವನಿಗೆ ಏನ್ ಹೇಳ್ತೀಯೇ?"

"ನಿನಗ್ಯಾರು ಹೇಳಿದ್ದು?"

"ನೀನು ಹರಿದು ಹಾಕಿದ ಕಾಗದ ಗುಡಿಸೋಳು ನಾನೇ ಅಲ್ವಾ."

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಅವಳು ಬರೆದಳು. ಸಂಬೋಧನೆಯನ್ನೇ ಬಿಟ್ಟಳು. ನಡುವಿನಿಂದಲೇ ಶುರುಮಾಡಿದಳು:

"ನೋಯುತ್ತಿತ್ತು. ನೀವು ಅಂದುಕೊಂಡದ್ದು ಸರಿ. ಎದೆ ಚೆಂದವಾಗಲೆಂದು ಆಪರೇಷನ್ ಮಾಡಿಸಿಕೊಂಡಿದ್ದೆ, ಕೆಟ್ಟುಹೋಯಿತು. ಬರುವ ತಿಂಗಳು ಎಲ್ಲ ತೆಗೆಯುತ್ತಾರೆ. ಆಮೇಲೆ ನಾನು ನೋಡಲು ಈಗಿನದಕ್ಕಿಂತ ಕಡಿಮೆಯೇ ಇರುತ್ತೇನೆ. ನೆಟ್ಟಗಾದ ಮೇಲೆ ಬರೆಯೋಣವೆಂದು ಕಾದೆ. ನೆಟ್ಟಗಾಗುವುದಿಲ್ಲವೆಂದು ತಿಳಿದ ಮೇಲೆ ಬರೆಯುತ್ತಿದ್ದೇನೆ. ನಿಮಗೆ ಹೆಣ್ಣು ನೋಡುತ್ತಿದ್ದಾರೆಂದು ಕೇಳಿದೆ. ಒಪ್ಪಿದ್ದರೆ ಚೆನ್ನಾಗಿರಿ, ಇದನ್ನು ಆ ಹುಡುಗಿಗೆ ತೋರಿಸಬೇಡಿ, ಸುಟ್ಟುಬಿಡಿ. ಒಪ್ಪದಿದ್ದರೆ, ನೀವು ಕೇಳಿದ ಹಕ್ಕನ್ನು ಆವತ್ತೇ ಕೊಟ್ಟಿದ್ದೆ. ಹೇಳಲಿಲ್ಲ ಅಷ್ಟೇ."

ಓದಿ ನೋಡಲಿಲ್ಲ. ಓದಿದರೆ ಹರಿಯುತ್ತಿದ್ದಳು.

ಅಂಚೆ ಕಚೇರಿಯಲ್ಲಿ ಕಿಟಕಿಯ ಹಿಂದಿನ ಗುಮಾಸ್ತೆ ಲಕೋಟೆಯನ್ನು ತೂಗಿ, ರಿಜಿಸ್ಟರ್ ಮಾಡಲಾ, ಅವರು ಸಹಿ ಹಾಕಿ ತಗೊಂಡದ್ದು ನಿಮಗೆ ತಿಳಿಯುತ್ತೆ ಎಂದಳು.

ಅವಳು ಸ್ವಲ್ಪ ಯೋಚಿಸಿದಳು. ಅವನ ಸಹಿ ಬರುತ್ತದೆ, ಆದರೆ ಉತ್ತರ ಬಾರದೆ ಉಳಿದರೆ? ಬರೀ ಆ ಸಹಿಯನ್ನು ನೋಡಿಕೊಂಡು ಕೂರಬೇಕಾಗುತ್ತದೆ.

"ಬೇಡಮ್ಮ," ಎಂದಳು. "ಸಾದಾ ಕಳಿಸಿ."

ಗುಮಾಸ್ತೆ ಮುದ್ರೆ ಒತ್ತಿ, ಕಾಗದವನ್ನು ಹಿಂದಿದ್ದ ಚೀಲಕ್ಕೆ ಎಸೆದಳು. ಅಲ್ಲಿ ಅದು ಬೇರೆಯವರ ಕಾಗದಗಳ ನಡುವೆ ಬಿದ್ದು, ಯಾವುದು ಅವಳದೆಂದು ಕಾಣದಾಯಿತು.