ಬಿಷಪ್ಪರ ಅಂಗಿಯ ಬಲತೋಳು

ಬಿಷಪ್ಪರ ಬಿಳಿ ನಿಲುವಂಗಿ ಒಗೆದು ಗಂಜಿ ಹಾಕುತ್ತಿದ್ದವಳು ನಾನೇ. ಹಳೆಯ ರಾಣಿಯ ಕಾಲದಲ್ಲಿ ನೇಕಾರನೊಬ್ಬನನ್ನು ಮತದ್ರೋಹಿಯೆಂದು ಸುಡಿಸಿ ಅವರು ಪೀಠವೇರಿದರು. ಹೊಸ ರಾಣಿ ಬಂದಾಗ ಮತ ಬದಲಿಸಿ ಅಲ್ಲೇ ಉಳಿದರು. ಮಕ್ಕಳ ತಲೆ ಮೇಲೆ ಕೈಯಿಟ್ಟು ಹರಸಿದ ದಿನಗಳಲ್ಲೆಲ್ಲ ಅಂಗಿಯ ಬಲತೋಳಿಗೆ ಮಸಿ, ಕೂದಲು ಸುಟ್ಟ ವಾಸನೆ.

"ಮೇಣದಬತ್ತಿ ತಾಗಿರ್ಬೇಕು ಕಣೇ," ಎನ್ನುತ್ತಿದ್ದಳು ಜೊತೆಗೆ ಒಗೆಯುವ ಥಾಮಸಿನ್.

"ಹೊಸ ಮತ ಬಂದ್ಮೇಲೆ ಚರ್ಚಲ್ಲಿ ಬತ್ತಿ ಎಲ್ಲಿ ಹಚ್ತಾರಕ್ಕಾ?"

ಕಳೆದ ಚಳಿಗಾಲದಲ್ಲಿ ಬಿಷಪ್ಪರು ತೀರಿಕೊಂಡರು. ಅಂಗಿಗಳೂ ಅವರೊಂದಿಗೇ ಮಣ್ಣು ಸೇರಿದವು. ಹೊಸ ಬಿಷಪ್ಪರು ಆ ನೇಕಾರನನ್ನು ಸುಟ್ಟಾಗ ತೊಟ್ಟಿಲಲ್ಲಿದ್ದವರು. ನಿನ್ನೆ ಮೊದಲ ಸಲ ಮಕ್ಕಳನ್ನು ಹರಸಿದರು. ಇವತ್ತು ಅವರ ಹೊಸ ಅಂಗಿ ಒಗೆಯಲು ಬಂತು. ಥಾಮಸಿನ್ ಬಲತೋಳನ್ನು ಮೂಸಿ ನನ್ನ ಕೈಗಿಟ್ಟಳು.

"ಬರೋ ಭಾನುವಾರ ನಿನ್ನ ಮಗಳ ಸರದಿ ಅಲ್ವೇನೇ?"

ತೋಳು ಇನ್ನೂ ಬೆಚ್ಚಗಿತ್ತು.